ಇನ್‌ಕ್ಯುಬೇಟರಿನ ಪಕ್ಕದ ಕುರ್ಚಿ

ನನ್ನ ಮಗಳು ಹುಟ್ಟಿದ್ದು ಗರ್ಭದ 29ನೆಯ ವಾರದಲ್ಲಿ. ತೂಕ 1,120 ಗ್ರಾಂ. ಹೆರಿಗೆಯಾಗಿ ಒಂದು ಗಂಟೆ ಕಳೆದಿತ್ತು. ಅವಳ ತಾಯಿ ಇನ್ನೂ ಶಸ್ತ್ರಚಿಕಿತ್ಸೆಯ ಮಂಪರಿನಲ್ಲಿ ಬೇರೊಂದು ಮಹಡಿಯಲ್ಲಿ ಮಲಗಿದ್ದಳು. ಆಗ ನನ್ನನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಿಗೆ ಕರೆದೊಯ್ದರು. ಬಾಗಿಲ ಬಳಿ ಒಂದು ದಪ್ಪ ರಿಜಿಸ್ಟರ್ ಇತ್ತು. ಹೆಸರು, ಒಳಗೆ ಹೋದ ವೇಳೆ, ಹೊರಗೆ ಬಂದ ವೇಳೆ ಎಂಬ ಮೂರು ಅಂಕಣಗಳು. ಅವುಗಳ ಮೇಲೆ ದಪ್ಪ ಅಕ್ಷರಗಳಲ್ಲಿ ‘ಸಂದರ್ಶಕರು’ ಎಂದು ಬರೆದಿತ್ತು. ನಾನು ಸಹಿ ಮಾಡಿದೆ. ಆ ಗಳಿಗೆಯಲ್ಲಿ ಆ ಪದ ನನಗೆ ತಪ್ಪೆನಿಸಲಿಲ್ಲ, ಏಕೆಂದರೆ ಆ ಕೋಣೆಯಲ್ಲಿದ್ದ ಎಲ್ಲರಿಗೂ ಒಂದೊಂದು ಕೆಲಸವಿತ್ತು, ನನಗೊಬ್ಬನಿಗೆ ಇರಲಿಲ್ಲ. ಅದು ಎಷ್ಟು ತಪ್ಪು ಪದ ಎಂಬುದನ್ನು ಮುಂದಿನ 54 ದಿನಗಳು ನನಗೆ ಕಲಿಸಿದವು.

ನಿಮ್ಮಲ್ಲಿ ಹೆಚ್ಚಿನವರು ಶುಶ್ರೂಷೆಯ ವಿದ್ಯಾರ್ಥಿಗಳು. ಕೆಲವರು ಇಂಥ ಘಟಕದಲ್ಲಿ ಈಗಲೂ ಮಗುವನ್ನು ಬಿಟ್ಟು, ಒಂದು ಗಂಟೆಯ ಮಟ್ಟಿಗೆ ಇಲ್ಲಿಗೆ ಬಂದಿರುವ ತಂದೆ ತಾಯಂದಿರು. ಇಬ್ಬರಿಗೂ ನಾನು ಹೇಳಬೇಕೆಂದಿರುವ ಮಾತು ಒಂದೇ. ಮಗುವಿನ ಪಕ್ಕದಲ್ಲಿ ಹೆತ್ತವರು ಕಳೆಯುವ ಹೊತ್ತು ಚಿಕಿತ್ಸೆಯ ಭಾಗ. ಔಷಧಕ್ಕೆ, ಉಷ್ಣಕ್ಕೆ, ಆಮ್ಲಜನಕಕ್ಕೆ ಕೊಡುವ ಸ್ಥಾನವನ್ನೇ ಅದಕ್ಕೂ ಕೊಡಬೇಕು.

ಮೊದಲ ರಾತ್ರಿ ಉಂಗುರ, ಗಡಿಯಾರ ತೆಗೆದಿಟ್ಟು, ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದು, ಗೌನು ತೊಟ್ಟು ಒಳಗೆ ಹೋದೆ. ಹೋದವನು ಮಗಳನ್ನು ನೋಡಲಿಲ್ಲ, ಅವಳ ತಲೆಯ ಮೇಲಿದ್ದ ಮಾನಿಟರಿನ ಪರದೆಯನ್ನು ನೋಡಿದೆ. ಇಂಥ ಘಟಕಕ್ಕೆ ಬಂದ ಹೆತ್ತವರಲ್ಲಿ ಬಹಳ ಮಂದಿ ಹೀಗೆಯೇ ಮಾಡುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಮಗುವಿನ ಮೈತುಂಬ ತಂತಿ, ನಳಿಕೆ, ಅಂಟುಪಟ್ಟಿ. ಎಲ್ಲಿ ನೋಡಬೇಕೆಂದೇ ಗೊತ್ತಾಗುವುದಿಲ್ಲ. ಪರದೆಯ ಅಂಕಿಗಳಾದರೂ ಸ್ಪಷ್ಟವಾಗಿರುತ್ತವೆ. ಅರ್ಧ ಗಂಟೆ ನಾನು ಹಾಗೆ ನಿಂತಿದ್ದನ್ನು ಕಂಡ ಹಿರಿಯ ಸಿಸ್ಟರ್ ಒಬ್ಬರು ಹತ್ತಿರ ಬಂದು, “ಪರದೇನ ನಾನು ನೋಡ್ಕೋತೀನಿ ಸರ್, ನೀವು ಮಗೂನ ನೋಡಿ” ಎಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಅವರು ಕೆಲಸ ಹಂಚುತ್ತಿದ್ದರು, ನನಗೂ ಒಂದು ಪಾಲು ಕೊಟ್ಟಿದ್ದರು.

ಹಾಗೆಂದು ಅಂಕಿಗಳ ಅರ್ಥ ನಮಗೆ ತಿಳಿದಿರಬಾರದು ಎಂದಲ್ಲ. ತಿಳಿದರೆ ಭಯ ಕಡಿಮೆಯಾಗುತ್ತದೆ. ಎಳೆಗೂಸಿನ ಹೃದಯ ನಿಮಿಷಕ್ಕೆ ಸುಮಾರು 120ರಿಂದ 160 ಬಾರಿ ಬಡಿಯುತ್ತದೆ. ನಮ್ಮ ಲೆಕ್ಕದಲ್ಲಿ ಅದು ಓಟ, ಅದರ ಲೆಕ್ಕದಲ್ಲಿ ಅದು ವಿಶ್ರಾಂತಿ. ಆಮ್ಲಜನಕ ಪಡೆಯುತ್ತಿರುವ ಅವಧಿಪೂರ್ವ ಶಿಶುವಿನ ರಕ್ತದಲ್ಲಿ ಅದರ ಮಟ್ಟವನ್ನು ಸಾಮಾನ್ಯವಾಗಿ ಶೇಕಡಾ 90ರಿಂದ 95ರ ನಡುವೆ ಇಡುತ್ತಾರೆ. 100 ಏಕಿಲ್ಲ ಎಂದು ನಾನು ಎರಡನೆಯ ದಿನ ಆತಂಕದಿಂದ ಕೇಳಿದ್ದೆ. 1940ರ ದಶಕದಲ್ಲಿ ಮತ್ತು 50ರ ದಶಕದ ಆರಂಭದಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟು, ಅದರಿಂದ ಅಕ್ಷಿಪಟಲ ಕೆಟ್ಟು ಸಾವಿರಾರು ಮಕ್ಕಳು ದೃಷ್ಟಿ ಕಳೆದುಕೊಂಡರು. ಇಂದು ಪರದೆಯ ಮೇಲೆ ಕಾಣುವ ಆ 92 ಎಂಬ ಅಂಕಿಯ ಹಿಂದೆ ಆ ಮಕ್ಕಳಿದ್ದಾರೆ. ಇದನ್ನು ಐದು ನಿಮಿಷ ಕೂತು ವಿವರಿಸಿದ ವೈದ್ಯರಿಗೆ ನಾನು ಇಂದಿಗೂ ಋಣಿ.

ಮಗು ಉಸಿರಾಡುವುದನ್ನೇ ಮರೆಯುವ ಗಳಿಗೆಗಳೂ ಬರುತ್ತವೆ. ಮಿದುಳಿನ ಉಸಿರಾಟದ ಕೇಂದ್ರ ಇನ್ನೂ ಬಲಿತಿರುವುದಿಲ್ಲ. ಉಸಿರು 20 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ, ಅದಕ್ಕೆ ಕೆಫೀನನ್ನೇ ಔಷಧವಾಗಿ ಕೊಡುತ್ತಾರೆ. ನಾಲ್ಕನೆಯ ದಿನ ನನ್ನ ಕಣ್ಣೆದುರಿಗೇ ಅಲಾರಂ ಕೂಗಿ ಆಮ್ಲಜನಕದ ಅಂಕಿ 78ಕ್ಕೆ ಇಳಿಯಿತು, ಅವಳ ತುಟಿಯ ಸುತ್ತ ಬಣ್ಣ ಮಾಸಿತು. ಸಿಸ್ಟರ್ ಓಡಿ ಬರಲಿಲ್ಲ, ನಡೆದು ಬಂದರು. ಮಗುವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಕಿಂಡಿಯಿಂದ ಕೈ ಹಾಕಿ ಎರಡು ಬೆರಳಿನಿಂದ ಅಂಗಾಲನ್ನು ಸವರಿದರು. ಮಗು ಒಮ್ಮೆ ಬೆಚ್ಚಿ ಉಸಿರೆಳೆದುಕೊಂಡಿತು. ನನ್ನ ಕಾಲು ಮಾತ್ರ ಬಹಳ ಹೊತ್ತು ನಡುಗುತ್ತಿತ್ತು. ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಇಂಥ ಪ್ರತಿ ಸಂದರ್ಭದ ನಂತರ ಪಕ್ಕದಲ್ಲಿರುವವರಿಗೆ ಏನಾಯಿತೆಂದು ಎರಡು ವಾಕ್ಯ ಹೇಳಿ. ನಿಮಗದು ದಿನಕ್ಕೆ ಹತ್ತು ಬಾರಿ ನಡೆಯುವ ಸಂಗತಿ, ನಮಗೆ ಅದು ಲೋಕವೇ ನಿಂತುಹೋದ ಗಳಿಗೆ.

ಇನ್ನು ಸ್ಪರ್ಶದ ಮಾತು. ಮಗುವನ್ನು ಮುಟ್ಟಬಹುದೆಂದು ಹೇಳಿದಾಗ ಎಲ್ಲರೂ ಮಾಡುವುದು ಬೆರಳ ತುದಿಯಿಂದ ನವಿರಾಗಿ ಸವರುವುದು. ನಾನೂ ಹಾಗೆಯೇ ಮಾಡಿದೆ. ಮಗಳು ಐದೂ ಬೆರಳನ್ನು ಅಗಲಿಸಿ ಕೈಯನ್ನು ಗಾಳಿಗೆ ಚಾಚಿದಳು, ಅಂಕಿ ಇಳಿಯಿತು. ನಾನು ಹೆದರಿ ಕೈ ಹಿಂದಕ್ಕೆಳೆದುಕೊಂಡೆ, ನನ್ನ ಕೈಯೇ ಅವಳಿಗೆ ಆಗದು ಎಂದುಕೊಂಡೆ. 29 ವಾರದ ಮಗುವಿನ ಚರ್ಮ ಬಹಳ ತೆಳು, ನರಮಂಡಲ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಹಗುರವಾದ, ಚಲಿಸುವ ಸ್ಪರ್ಶ ಅದಕ್ಕೆ ಹಿತವಾಗುವುದರ ಬದಲು ಕಿರಿಕಿರಿಯಾಗುತ್ತದೆ. ಗರ್ಭದಲ್ಲಿ ಅದನ್ನು ಯಾರೂ ಸವರುತ್ತಿರಲಿಲ್ಲ. ಎಲ್ಲ ಕಡೆಯಿಂದಲೂ ಮೆತ್ತಗೆ, ಅಲುಗದೆ ಆತುಕೊಂಡಿದ್ದ ಗೋಡೆಯೊಂದಿತ್ತು. ಅದನ್ನೇ ನಮ್ಮ ಕೈಗಳಿಂದ ಕಟ್ಟಿಕೊಡಬೇಕು. ಅದೇ ಸಿಸ್ಟರ್ ನನ್ನ ಎರಡೂ ಕೈಗಳನ್ನು ಹಿಡಿದು ತೋರಿಸಿಕೊಟ್ಟರು: ಮೊದಲು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು, ಒಂದು ಅಂಗೈಯನ್ನು ತಲೆಯ ಮೇಲೆ ಟೋಪಿಯಂತೆ ಇಡುವುದು, ಇನ್ನೊಂದರಿಂದ ಮಡಚಿದ ಕಾಲುಗಳನ್ನು ಹೊಟ್ಟೆಯ ಕಡೆಗೆ ಆನಿಸಿ ಹಿಡಿಯುವುದು, ಆಮೇಲೆ ಅಲುಗಾಡದಿರುವುದು. ಒಂದೆರಡು ನಿಮಿಷದಲ್ಲಿ ಅಗಲಿಸಿದ್ದ ಬೆರಳುಗಳು ಮಡಚಿಕೊಂಡವು, ಹಣೆಯ ಗೆರೆಗಳು ಇಳಿದವು. ನನ್ನ ಕಿರುಬೆರಳ ತುದಿಗೆ ಅವಳ ಹಿಮ್ಮಡಿ ತಾಗಿಕೊಂಡಿತ್ತು. ಅದರ ಗಾತ್ರ ಒಂದು ಕಡಲೆಕಾಳಿನಷ್ಟು. ತೆಗೆಯುವಾಗಲೂ ಒಮ್ಮೆಲೇ ತೆಗೆಯಬಾರದು, ಒಂದು ಕೈ, ಸ್ವಲ್ಪ ಬಿಟ್ಟು ಇನ್ನೊಂದು ಕೈ.

ಅಂದಿನಿಂದ ಅವಳ ಭಾಷೆ ನನಗೆ ತಿಳಿಯತೊಡಗಿತು. ಬೆರಳು ಅಗಲಿಸುವುದು, ಬಿಕ್ಕಳಿಕೆ, ಮತ್ತೆ ಮತ್ತೆ ಆಕಳಿಕೆ, ಬೆನ್ನು ಬಿಲ್ಲಿನಂತೆ ಬಾಗಿಸುವುದು, ಮುಖ ತಿರುಗಿಸುವುದು, ಇವೆಲ್ಲ ‘ಇಷ್ಟು ಸಾಕು’ ಎಂಬ ಮಾತು. ಕೈಯನ್ನು ಬಾಯಿಯ ಬಳಿ ತಂದುಕೊಳ್ಳುವುದು, ಹಿಡಿಯಲು ಏನನ್ನಾದರೂ ಹುಡುಕುವುದು ‘ಇರು’ ಎಂಬ ಮಾತು. ಪಾಳಿ ಬದಲಾದಂತೆ ದಾದಿಯರು ಬದಲಾಗುತ್ತಾರೆ, ವೈದ್ಯರು ಬದಲಾಗುತ್ತಾರೆ. ದಿನವೂ ಕೂತು ಒಂದೇ ಮಗುವನ್ನು ನೋಡುವವರು ಹೆತ್ತವರು ಮಾತ್ರ. ಮೂರನೆಯ ವಾರದಲ್ಲಿ ಒಂದು ಸಂಜೆ ನನ್ನ ಹೆಂಡತಿ, “ಇವಳು ಇವತ್ತು ಸರಿಯಿಲ್ಲ, ಕೈ ಹಿಡಿದರೆ ಹಿಡಿತವೇ ಇಲ್ಲ” ಎಂದಳು. ಅಂಕಿಗಳೆಲ್ಲ ಸರಿಯಿದ್ದವು. ಆದರೂ ವೈದ್ಯರು ಆ ಮಾತನ್ನು ತಳ್ಳಿಹಾಕದೆ ರಕ್ತಪರೀಕ್ಷೆ ಮಾಡಿಸಿದರು. ಸೋಂಕು ಆಗತಾನೆ ತೊಡಗಿತ್ತು.

ನೋವಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನವಜಾತ ಶಿಶುವಿಗೆ ನೋವು ತಿಳಿಯುವುದಿಲ್ಲ ಎಂಬ ನಂಬಿಕೆ ವೈದ್ಯಲೋಕದಲ್ಲಿ 1980ರ ದಶಕದವರೆಗೂ ಬಲವಾಗಿತ್ತು, ಸಾಕಷ್ಟು ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆಗಳೂ ನಡೆಯುತ್ತಿದ್ದವು. ಡಾ. ಕೆ. ಜೆ. ಎಸ್. ಆನಂದ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಸಂಶೋಧನೆ ಆ ನಂಬಿಕೆಯನ್ನು ಅಲುಗಾಡಿಸಿತು. ಇಂದು ಹಿಮ್ಮಡಿಗೆ ಸೂಜಿ ಚುಚ್ಚುವ ಮೊದಲು ನಾಲಿಗೆಗೆ ಒಂದೆರಡು ಹನಿ ಎದೆಹಾಲು ಅಥವಾ ಸಕ್ಕರೆ ದ್ರಾವಣ ಹಾಕುತ್ತಾರೆ. ಆಗ ಹೆತ್ತವರ ಕೈ ಮೇಲೆ ಹೇಳಿದಂತೆ ಸುತ್ತುವರಿದಿದ್ದರೆ ಮಗು ಕಡಿಮೆ ಅಳುತ್ತದೆ, ಬೇಗ ಸಮಾಧಾನಗೊಳ್ಳುತ್ತದೆ. ಆದರೆ ಹಲವು ಕಡೆ ರಕ್ತ ತೆಗೆಯುವಾಗ ತಂದೆ ತಾಯಿಯನ್ನು ಹೊರಗೆ ಕಳುಹಿಸುವುದೇ ವಾಡಿಕೆ. ನೋಡಲಾಗದವರು ಹೋಗಲಿ. ಇರುತ್ತೇನೆ ಎನ್ನುವವರನ್ನು ಕಳುಹಿಸಬೇಡಿ.

ಕಿವಿಯ ವಿಷಯಕ್ಕೆ ಬಂದರೆ, ಸುಮಾರು 25ನೆಯ ವಾರದ ಹೊತ್ತಿಗೆ ಮಗುವಿಗೆ ಕೇಳಿಸತೊಡಗುತ್ತದೆ, ತಾಯಿಯ ದನಿ ಅದಕ್ಕೆ ಹುಟ್ಟುವ ಮೊದಲೇ ಪರಿಚಿತ. ಘಟಕದ ಸದ್ದು 45 ಡೆಸಿಬಲ್ ಮೀರಬಾರದೆಂಬ ಶಿಫಾರಸು ಇದೆ. ಪಾಲಿಸುವುದು ಬಹಳ ಕಷ್ಟ. ಇನ್‌ಕ್ಯುಬೇಟರಿನ ಮೇಲೆ ಫೈಲು ಇಟ್ಟರೂ ಒಳಗೆ ಗುಡುಗಿದಂತಾಗುತ್ತದೆ, ಕಿಂಡಿಯ ಬಾಗಿಲನ್ನು ಬೆರಳಿನಿಂದ ಒತ್ತಿ ಹಿಡಿದು ಮುಚ್ಚಬೇಕು. ಅಷ್ಟೆಲ್ಲ ಸದ್ದಿನ ನಡುವೆ ಅದಕ್ಕೆ ಬೇಕಾದದ್ದು ಮೆಲುದನಿಯ ಮಾತು. ಏನು ಮಾತನಾಡುವುದು ಎಂದು ನಾನು ಮೊದಲು ಸಂಕೋಚಪಟ್ಟೆ. ಕೊನೆಗೆ ನಮ್ಮ ಮನೆಯನ್ನು ಕೋಣೆ ಕೋಣೆಯಾಗಿ ಅವಳಿಗೆ ವರ್ಣಿಸಿ ಹೇಳತೊಡಗಿದೆ: ಯಾವ ಕಿಟಕಿಗೆ ಬೆಳಗಿನ ಬಿಸಿಲು ಬರುತ್ತದೆ, ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾವ ಮೂಲೆಯಲ್ಲಿ ಅವಳ ತೊಟ್ಟಿಲು ಇಡುವುದು ಎಂದು. ಎರಡು ವಾರದಲ್ಲಿ ಮನೆ ಮುಗಿಯಿತು, ಮತ್ತೆ ಮೊದಲಿನಿಂದ ಶುರುಮಾಡಿದೆ.

ಒಂಬತ್ತನೆಯ ದಿನ ಅವಳನ್ನು ನನ್ನ ಎದೆಯ ಮೇಲೆ ಮಲಗಿಸಿದರು. ಅದಕ್ಕೆ ಇಬ್ಬರು ಸಿಸ್ಟರುಗಳು ಬೇಕಾದರು. ಒಬ್ಬರು ಮಗುವನ್ನು ಎತ್ತಿದರು, ಇನ್ನೊಬ್ಬರು ನಳಿಕೆಗಳನ್ನು ಹಿಡಿದು ನನ್ನ ಭುಜಕ್ಕೆ ಪಟ್ಟಿಯಿಂದ ಅಂಟಿಸಿದರು. ಟೋಪಿ, ಡೈಪರ್ ಬಿಟ್ಟರೆ ಅವಳ ಮೈಮೇಲೆ ಬಟ್ಟೆಯಿಲ್ಲ, ನನ್ನ ಅಂಗಿಯ ಗುಂಡಿಗಳೆಲ್ಲ ಬಿಚ್ಚಿವೆ. ಕಾಲು ಕಪ್ಪೆಯಂತೆ ಮಡಚಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಉಸಿರಿನ ದಾರಿ ಮುಚ್ಚಿಕೊಳ್ಳದಂತೆ ಗಲ್ಲ ಸ್ವಲ್ಪ ಎತ್ತಿಟ್ಟು, ಮೇಲೆ ಬಟ್ಟೆ ಸುತ್ತಿ ಕಟ್ಟಿದರು. ತೂಕ ಗೊತ್ತಾಗಲಿಲ್ಲ, ಬಿಸಿ ಗೊತ್ತಾಯಿತು. ಮೊದಲ ಹತ್ತು ನಿಮಿಷ ಅಂಕಿಗಳು ಏರಿಳಿದವು. ಆಮೇಲೆ ನಾನು ಇಷ್ಟು ದಿನ ಕಾಣದಿದ್ದ ಒಂದು ಸ್ಥಿರತೆ ಪರದೆಯ ಗೆರೆಗಳಿಗೆ ಬಂತು. ಎರಡೂವರೆ ಗಂಟೆ ಕೂತಿದ್ದೆ. ಹೊಸಬರಿಗೆ ಒಂದು ವಿಷಯ ಹೇಳಿಬಿಡುತ್ತೇನೆ: ಎತ್ತಿ ಇಳಿಸುವುದೇ ಮಗುವಿಗೆ ಆಯಾಸ, ಆದ್ದರಿಂದ ಕೂತರೆ ಕನಿಷ್ಠ ಒಂದು ಗಂಟೆಯಾದರೂ ಕೂರಿ, ಶೌಚಕ್ಕೆ ಹೋಗಿ, ನೀರು ಕುಡಿದು, ಫೋನು ಬದಿಗಿಟ್ಟು ಕೂರಿ.

ಕಾಂಗರೂ ಆರೈಕೆ ಎಂದು ಕರೆಯುವ ಈ ಪದ್ಧತಿ ಕೊರತೆಯಲ್ಲಿ ಹುಟ್ಟಿತು. ಕೊಲಂಬಿಯಾದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಒಂದೊಂದರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳನ್ನಿಡಬೇಕಾಗಿ, ಸೋಂಕು ಹರಡುತ್ತಿದ್ದಾಗ, 1978ರಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ತಾಯಿಯ ಎದೆಯನ್ನೇ ಇನ್‌ಕ್ಯುಬೇಟರ್ ಮಾಡಿದರು, ಮರುವರ್ಷ ಡಾ. ಹೆಕ್ಟರ್ ಮಾರ್ಟಿನೆಜ್ ಅವರ ಜೊತೆಗೂಡಿದರು. ಬಹಳ ಕಾಲ ಇದನ್ನು ಬಡವರ ಬದಲಿ ವ್ಯವಸ್ಥೆ ಎಂದೇ ನೋಡಲಾಯಿತು, ಮಗು ಸ್ಥಿರಗೊಂಡ ಮೇಲೆ ಮಾತ್ರ ಮಾಡಬೇಕೆಂಬ ನಿಯಮವೂ ಇತ್ತು. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಆ ನಿಯಮವನ್ನೇ ಪ್ರಶ್ನಿಸಿತು. ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಆಸ್ಪತ್ರೆಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ 3,211 ಮಕ್ಕಳಲ್ಲಿ ಒಂದು ಗುಂಪಿಗೆ ಹುಟ್ಟಿದ ಕೂಡಲೇ, ಇನ್ನೊಂದು ಗುಂಪಿಗೆ ಸ್ಥಿರಗೊಂಡ ಮೇಲೆ ಈ ಆರೈಕೆ ಕೊಟ್ಟರು. ಮೊದಲ 28 ದಿನಗಳಲ್ಲಿ ತೀರಿಕೊಂಡವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ 12, ಎರಡನೆಯದರಲ್ಲಿ ಶೇಕಡಾ 15.7. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನು ಬದಲಿಸಿ, ದಿನಕ್ಕೆ 8ರಿಂದ 24 ಗಂಟೆ, ಹುಟ್ಟಿದ ಕೂಡಲೇ ಎಂದು ಹೇಳಿತು.

ಈ ಅಧ್ಯಯನದಲ್ಲಿ ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಸಂಗತಿಯ ಮೇಲೆ. ಮೊದಲ ಗುಂಪಿನ ಮಕ್ಕಳು ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲಿದ್ದರು. ಅಷ್ಟು ಹೊತ್ತು ಇರಲು ತಾಯಿಯ ಮಂಚ ಘಟಕದ ಒಳಗೇ ಇರಬೇಕು. ಅಲ್ಲಿ ಹಾಗೆಯೇ ಮಾಡಿದ್ದರು. ನಮ್ಮ ಘಟಕದಲ್ಲಿ ಆಗ ಹೆತ್ತವರಿಗೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಾತ್ರ ಪ್ರವೇಶ. ನಾನೀಗ ಹೇಳಿದ ಸ್ಪರ್ಶ, ಮಾತು, ಎದೆಯ ಬಿಸಿ ಇವೆಲ್ಲ ಆ ಗಡಿಯಾರದೊಳಗೆ, ಇಲ್ಲವೇ ಯಾರೋ ಸಿಸ್ಟರ್ ಕಣ್ಣು ತಪ್ಪಿಸಿ ಕೊಟ್ಟ ಹೆಚ್ಚುವರಿ ಗಂಟೆಗಳಲ್ಲಿ ನಡೆದವು.

ನನ್ನ ಹೆಂಡತಿಗೆ ಮಗಳನ್ನು ನೋಡಲು ಮೂರು ದಿನ ಬೇಕಾಯಿತು. ಅಲ್ಲಿಯವರೆಗೆ ನಾನೇ ಎರಡು ಮಹಡಿಗಳ ನಡುವಿನ ಅಂಚೆಯವನು. ಮೇಲಿಂದ ಕೆಳಗೆ ಫೋಟೋ, ಕೆಳಗಿಂದ ಮೇಲೆ ಸಿರಿಂಜಿನಲ್ಲಿ ಅರ್ಧ ಮಿಲಿಲೀಟರ್ ಗಿಣ್ಣುಹಾಲು. ಅದನ್ನು ಹಿಡಿದು ಮೆಟ್ಟಿಲು ಹತ್ತುವಾಗ ಎದುರು ಬಂದವರಿಗೆಲ್ಲ ದಾರಿ ಬಿಡಿ ಎನ್ನುತ್ತಿದ್ದೆ. ರಾತ್ರಿಯೂ ಸೇರಿ ದಿನಕ್ಕೆ ಎಂಟು ಬಾರಿ ಹಾಲು ಹಿಂಡಿ ತೆಗೆಯಬೇಕು. ಎದುರಿಗೆ ಮಗುವಿಲ್ಲದೆ ಅದನ್ನು ಮಾಡುವುದು ಎಂಥ ಶಿಕ್ಷೆ ಎಂಬುದು ಮಾಡಿದವರಿಗೇ ಗೊತ್ತು. ತನ್ನ ಎದೆಯ ಬಳಿ ಇಟ್ಟುಕೊಂಡ ಬಟ್ಟೆಯ ತುಂಡನ್ನು ಅವಳು ಕೊಟ್ಟು ಕಳುಹಿಸುತ್ತಿದ್ದಳು, ಅದನ್ನು ಮಗಳ ತಲೆಯ ಪಕ್ಕ ಇಡುತ್ತಿದ್ದೆವು. ಮೂರನೆಯ ದಿನ ಗಾಲಿಕುರ್ಚಿಯಲ್ಲಿ ಬಂದವಳು ಕಿಂಡಿಯ ಬಳಿ ಕೈ ತಂದು ನಿಲ್ಲಿಸಿ ನನ್ನನ್ನು ಕೇಳಿದಳು: “ಇವಳಿಗೆ ನಾನು ಯಾರು ಅಂತ ಗೊತ್ತಾಗುತ್ತಾ ರೀ?” ಮೂರು ದಿನ ಬಾಗಿಲಾಚೆ ಇದ್ದ ತಾಯಿಗೆ ಮಾತ್ರ ಬರುವ ಪ್ರಶ್ನೆ ಅದು.

ಈ ಬಾಗಿಲಿಗೂ ಒಂದು ಚರಿತ್ರೆಯಿದೆ, ಸ್ವಲ್ಪ ಆಚೆ ಹೋದರೂ ಹೇಳುತ್ತೇನೆ. 1880ರ ಸುಮಾರಿಗೆ ಪ್ಯಾರಿಸಿನಲ್ಲಿ ಸ್ಟೆಫಾನ್ ಟಾರ್ನಿಯೆ ಎಂಬ ಹೆರಿಗೆ ವೈದ್ಯರು ಶಿಶುಗಳಿಗೆ ಇನ್‌ಕ್ಯುಬೇಟರ್ ಬಳಸತೊಡಗಿದರು. ಅವರ ಶಿಷ್ಯ ಪಿಯರ್ ಬುಡಾನ್, ದೂರ ಇಟ್ಟ ಮಗುವಿನ ಮೇಲೆ ಕೆಲವು ತಾಯಂದಿರಿಗೆ ಮನಸ್ಸೇ ಕಳೆದುಹೋಗುತ್ತದೆ, ಅವರು ಮಗುವನ್ನು ಬಿಟ್ಟೇ ಹೋಗುತ್ತಾರೆ ಎಂಬುದನ್ನು ಅಂದೇ ಗುರುತಿಸಿ ಬರೆದರು. ಆ ಎಚ್ಚರಿಕೆಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1903ರಿಂದ 1943ರವರೆಗೆ ಮಾರ್ಟಿನ್ ಕೌನಿ ಎಂಬವರು ಇನ್‌ಕ್ಯುಬೇಟರ್ ಮಕ್ಕಳನ್ನು ಪ್ರದರ್ಶನಕ್ಕಿಟ್ಟು, ನೋಡಲು ಬಂದವರಿಂದ 25 ಸೆಂಟ್ ಪಡೆದು ಆ ಹಣದಿಂದ ಮಕ್ಕಳನ್ನು ಸಾಕಿದರು. ಎಷ್ಟೋ ಮಕ್ಕಳು ಅದರಿಂದ ಬದುಕಿದರು, ಆದರೆ ಗಾಜಿನಾಚೆ ನಿಂತು ನೋಡುವ ಸಾಲಿನಲ್ಲಿ ತಂದೆ ತಾಯಿಯೂ ಸೇರಿಹೋದರು. ಆಮೇಲೆ ಸೋಂಕಿನ ಭಯ ಬಾಗಿಲನ್ನು ಗಟ್ಟಿಯಾಗಿ ಮುಚ್ಚಿತು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ತಾಯಂದಿರನ್ನು ಒಳಗೆ ಬಿಟ್ಟು ನೋಡಿ, ಸೋಂಕು ಹೆಚ್ಚಲಿಲ್ಲವೆಂದು ವರದಿ ಮಾಡಿದರು. 1979ರಲ್ಲಿ ಎಸ್ಟೋನಿಯಾದ ಟಾಲಿನ್ ನಗರದಲ್ಲಿ ಡಾ. ಆದಿಕ್ ಲೆವಿನ್, ದಾದಿಯರ ಕೊರತೆಯಿಂದಾಗಿ, ಆರೈಕೆಯ ಬಹುಪಾಲನ್ನು ತಾಯಂದಿರಿಗೇ ಕಲಿಸಿ ಒಪ್ಪಿಸಿದರು. ಅದರಿಂದ ಪ್ರೇರಣೆ ಪಡೆದು ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಹೆತ್ತವರು ದಿನಕ್ಕೆ ಕನಿಷ್ಠ 6 ಗಂಟೆ ಇದ್ದು ಆರೈಕೆ ಮಾಡಿದ ಪ್ರಯೋಗದ ಫಲ 2018ರಲ್ಲಿ ಪ್ರಕಟವಾಯಿತು: ಮಕ್ಕಳ ತೂಕ ಚೆನ್ನಾಗಿ ಏರಿತು, ಹೆತ್ತವರ ಆತಂಕ ಇಳಿಯಿತು.

ಆದರೆ ದಿನಕ್ಕೆ ಆರು ಗಂಟೆ ಎನ್ನುವಾಗ ನನಗೆ ಇನ್ನೊಂದು ಅಳುಕು. ದಿನಗೂಲಿ ಬಿಟ್ಟು ಬರಲಾಗದ ತಂದೆಯಿದ್ದಾನೆ, ಮನೆಯಲ್ಲಿ ಇನ್ನೆರಡು ಮಕ್ಕಳಿರುವ ತಾಯಿಯಿದ್ದಾಳೆ. ಅವರು ಕಡಿಮೆ ಬಂದರೆ ಅವರ ಪ್ರೀತಿ ಕಡಿಮೆ ಎಂದು ದಯವಿಟ್ಟು ಅಳೆಯಬೇಡಿ. ಅವರು ಬರುವ ಹೊತ್ತಿಗೆ, ಅದು ರಾತ್ರಿ ಹನ್ನೊಂದಾದರೂ, ಬಾಗಿಲು ತೆರೆದಿರಲಿ. ಮತ್ತು ಈಗ ಮಗುವಿನ ಬಳಿಯಿರುವ ನಿಮಗೆ: ಮನೆಗೆ ಹೋಗಿ ಮಲಗಿದ್ದು ತಪ್ಪೆಂದು ಎಣಿಸಬೇಡಿ.

ನಮ್ಮ ಪಕ್ಕದ ಇನ್‌ಕ್ಯುಬೇಟರಿನಲ್ಲಿ 25 ವಾರಕ್ಕೆ ಹುಟ್ಟಿದ ಒಂದು ಗಂಡುಮಗುವಿತ್ತು. ಅವನ ತಂದೆಯೂ ನಾನೂ ಕೈ ತೊಳೆಯುವ ಬೇಸಿನ್ನಿನ ಬಳಿ ದಿನವೂ ಎರಡು ಮಾತಾಡುತ್ತಿದ್ದೆವು. ಹನ್ನೊಂದನೆಯ ದಿನ ಇನ್ನೇನೂ ಮಾಡಲು ಉಳಿದಿಲ್ಲವೆಂದು ವೈದ್ಯರು ಹೇಳಿದರು. ಸಿಸ್ಟರ್ ಪರದೆ ಎಳೆದು, ನಳಿಕೆಗಳನ್ನೆಲ್ಲ ಬಿಡಿಸಿ, ಮಗುವನ್ನು ಒರೆಸಿ, ಬಟ್ಟೆ ಸುತ್ತಿ ತಾಯಿಯ ಮಡಿಲಲ್ಲಿಟ್ಟರು. ಅಂಟುಪಟ್ಟಿಯಿಲ್ಲದ ಅವನ ಮುಖವನ್ನು ಅವರು ಪೂರ್ತಿಯಾಗಿ ನೋಡಿದ್ದು ಆಗಲೇ. ಯಾರೂ ಗಡಿಯಾರ ನೋಡಲಿಲ್ಲ. ಎರಡು ವಾರದ ಮೇಲೆ ಕಾಗದಪತ್ರಕ್ಕೆಂದು ಬಂದಿದ್ದ ಆ ತಂದೆ ಮೊಗಸಾಲೆಯಲ್ಲಿ ಸಿಕ್ಕರು. “ಹನ್ನೊಂದು ದಿನ ಇದ್ದ. ನಾನು ಲೆಕ್ಕ ಹಾಕಿದೆ, ಎಲ್ಲ ಸೇರಿ ಹದಿನಾಲ್ಕು ಗಂಟೆ ನೋಡಿದ್ದೀನಿ. ಮಿಕ್ಕಿದ್ದೆಲ್ಲ ಈ ಬೆಂಚಿನ ಮೇಲೆ ಕೂತಿದ್ದೆ” ಎಂದರು. ಆ ಬೆಂಚಿನಿಂದ ಮಗುವಿಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ.

ಆ ಮಾತನ್ನು ನಾನು ಘಟಕದ ಮುಖ್ಯಸ್ಥರಿಗೆ ಹಾಗೆಯೇ ಹೇಳಿದೆ. ಅವರು ಕೂಡಲೇ ಏನೂ ಉತ್ತರಿಸಲಿಲ್ಲ. ಒಂದು ವಾರದ ಬಳಿಕ ಪ್ರವೇಶದ ವೇಳೆಯ ಚೀಟಿಯನ್ನು ಗೋಡೆಯಿಂದ ತೆಗೆಸಿದರು, ಒಂದೊಂದು ಇನ್‌ಕ್ಯುಬೇಟರಿನ ಪಕ್ಕಕ್ಕೂ ಒಂದೊಂದು ಕುರ್ಚಿ ಹಾಕಿಸಿದರು. ಕಚೇರಿಯಿಂದ ತಂದ ನೆಟ್ಟನೆಯ ಬೆನ್ನಿನ ಕುರ್ಚಿಗಳು, ಎದೆಯ ಮೇಲೆ ಮಗುವನ್ನಿಟ್ಟುಕೊಂಡು ಒರಗಲು ಬಾರದವು. ದಿಂಬು ಕಟ್ಟಿಕೊಂಡು ಕೂತೆವು. ಅಂದಿನಿಂದ ಮನೆಗೆ ಹೋಗುವವರೆಗಿನ ಮೂರು ವಾರ ನನ್ನ ಹೆಂಡತಿ ಹಗಲು, ನಾನು ಕೆಲಸ ಮುಗಿಸಿ ಬಂದ ಮೇಲೆ ರಾತ್ರಿಯ ಪಾಲು ಎಂದು ಹಂಚಿಕೊಂಡೆವು. ಗರ್ಭದ ಲೆಕ್ಕದಲ್ಲಿ 34ನೆಯ ವಾರದ ಹೊತ್ತಿಗೆ ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಒಂದಕ್ಕೊಂದು ಹೊಂದಿಕೊಂಡು ಅವಳು ಮೊದಲ ಬಾರಿಗೆ ಮೊಲೆ ಕುಡಿದಳು, ನಾಲ್ಕು ಗುಟುಕು. ಬಿಡುಗಡೆಗೆ ಮುಂಚಿನ ಎರಡು ರಾತ್ರಿ ತಾಯಿ ಮಗು ಇಬ್ಬರೂ ಪಕ್ಕದ ಕೋಣೆಯಲ್ಲಿ ಮಾನಿಟರ್ ಇಲ್ಲದೆ ಮಲಗಿದರು. ನಾವು ಹೊರಡುವ ಬೆಳಿಗ್ಗೆ ಬಾಗಿಲ ಬಳಿಯ ರಿಜಿಸ್ಟರ್ ಹಳೆಯದೇ ಇತ್ತು, ‘ಸಂದರ್ಶಕರು’ ಎಂಬ ಪದದ ಮೇಲೆ ಯಾರೋ ಬಿಳಿಯ ಕಾಗದ ಅಂಟಿಸಿ ‘ತಾಯಿ / ತಂದೆ’ ಎಂದು ಪೆನ್ನಿನಿಂದ ಬರೆದಿದ್ದರು.